ಪರಿಮಿತಾತೀತ ಅನುಗಮನ

ಸ್ವಾಭಾವಿಕ ಸಂಖ್ಯೆಗಳಿಗೆ ಸಲ್ಲುವ ಗಣಿತೀಯ ಅನುಗಮನವನ್ನು ಸುಕ್ರಮಿತ ಗಣಗಳಿಗೆಲ್ಲ ವಿಸ್ತರಿಸಿದ ಸಾಧನಾಕ್ರಮ. ಶೂನ್ಯವಲ್ಲದ ಪ್ರತಿ ಉಪಗಣದಲ್ಲೂ ಮೊದಲನೆಯ ಘಟಕವೊಂದು ಇದ್ದೇ ಇರುವಂಥ ಗಣ ಸುಕ್ರಮಿತ. ಹಿಂದಿನ ಘಟಕಗಳಿಗೆಲ್ಲ ಒಂದು ಗುಣವಿದ್ದರೆ ಮುಂದಿನದಕ್ಕೂ ಅದು ಬಂದೇ ಬರುತ್ತದೆಂದು ತೋರಿಸಿದರೆ ಸಾಕು, ಇಡೀ ಗಣಕ್ಕೆ ಆ ಗುಣ ಸಿದ್ಧಿಸುತ್ತದೆ. ಗುಣ ತಪ್ಪಿದ ಘಟಕಗಳಿದ್ದರೆ ಅವುಗಳಲ್ಲಿ ಮೊದಲನೆಯದೊಂದು ಇರಬೇಕಲ್ಲ. ಅದರ ಹಿಂದಿನವಕ್ಕೆಲ್ಲ ಗುಣವಿರುವುದರಿಂದ ಅದಕ್ಕೂ ಇರಲೇಬೇಕು, ಇದು ವಿರೋಧ.

ಇದರ ಹುಟ್ಟು ತ್ರಿಕೋನಮಿತೀಯ ಶ್ರೇಣಿಗಳ ಅಧ್ಯಯನದಲ್ಲಿದೆ. ಜರ್ಮನಿಯ ಹಾಲೆಯಲ್ಲಿದ್ದ ಗಿಯೋರ್ಗ್ ಕ್ಯಾಂಟರ್, ಒಂದು ಫಲನವನ್ನು ಅಂಥ ಶ್ರೇಣಿಯಾಗಿ ಬರೆಯುವ ಬಗೆ ಒಂದೇ ಎಂದು ಸಾಧಿಸುವ ಕೆಲಸದಲ್ಲಿ ತೊಡಗಿದ್ದ. 1872ರಲ್ಲಿ ಆತ ಬಿಂದುಗಣವೊಂದರ ಸೀಮಾಬಿಂದುಗಳನ್ನು ಒಟ್ಟುಗೂಡಿಸಿ ವ್ಯುತ್ಪನ್ನ ಗಣವನ್ನು ಪಡೆದ. ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ಈ ಅನಂತ ಸಾಲಿನ ಗಣಗಳಿಗೆಲ್ಲ ಸಾಮಾನ್ಯವಾಗಿ ಉಳಿದ ಭಾಗದಿಂದಲೂ ವ್ಯುತ್ಪನ್ನ ಗಣ ತೆಗೆಯಬಹುದಾದ್ದರಿಂದ ಎಣಿಕೆ ಅನಂತದಾಚೆಗೆ ಸಾಗಿತು. ಹಂತಗಳಿಗೆ ಕೊಟ್ಟಿದ್ದ ಗುರುತುಗಳನ್ನೇ 1883ರಲ್ಲಿ ಆತ ನಿಜವಾದ ಸಂಖ್ಯೆಗಳೆಂದು ಸಾರಿದ; ಇವೇ ಕ್ರಮಸಂಖ್ಯೆಗಳು. ಬಹು ಧೈರ್ಯದ ಹೆಜ್ಜೆಯಿದು.

ಸ್ವಾಭಾವಿಕ ಸಂಖ್ಯೆಗಳೆಲ್ಲ ಮುಗಿದ ಮೇಲೆ ಬರುವ ಮೊದಲ ಕ್ರಮಸಂಖ್ಯೆ ಒಮೆಗಾ. ಅದಕ್ಕೆ ನಿಕಟ ಪೂರ್ವದ ಸಂಖ್ಯೆಯಿಲ್ಲ. ತೊಡಕು ಇರುವುದೇ ಇಲ್ಲಿ. ಪರಿಮಿತವಾಗಿರುವುದೆಂಬ ಗುಣವನ್ನೇ ನೋಡಿ: ಸೊನ್ನೆ ಪರಿಮಿತ, ಪರಿಮಿತ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಬರುವುದೂ ಪರಿಮಿತ. ಆದರೆ ಒಮೆಗಾ ಪರಿಮಿತವಲ್ಲ. ಆದ್ದರಿಂದ ಹಳೆಯ ಅನುಗಮನದ ಎರಡು ಹಂತಗಳ ಜೊತೆಗೆ ಇಂಥ ಸೀಮಾಸಂಖ್ಯೆಗಳಿಗೆಂದು ಮೂರನೆಯ ಹಂತವನ್ನೂ ಸಾಧಿಸಬೇಕಾಗುತ್ತದೆ. 1897ರ ಪ್ರಬಂಧದಲ್ಲಿ ಕ್ಯಾಂಟರ್ ಕ್ರಮಸಂಖ್ಯೆಗಳ ಘಾತಗಳನ್ನು ಈ ಮಾರ್ಗದಲ್ಲೇ ನಿರೂಪಿಸಿದ.

ಯಾವುದೇ ಗಣವನ್ನು ಸುಕ್ರಮದಲ್ಲಿ ಜೋಡಿಸಬಹುದೆಂದು ಕ್ಯಾಂಟರ್ ನಂಬಿದ್ದನಾದರೂ ಸಾಧನೆ ಕೊಟ್ಟಿರಲಿಲ್ಲ. 1904ರಲ್ಲಿ ಎರ್ನ್‌ಸ್ಟ್ ಝೆರ್ಮೆಲೊ ಅದನ್ನು, ಶೂನ್ಯವಲ್ಲದ ಗಣಗಳ ಪ್ರತಿಯೊಂದರಿಂದಲೂ ಒಂದೊಂದು ಘಟಕವನ್ನು ಆರಿಸಬಹುದೆಂಬ ಆಯ್ಕೆಯ ಸ್ವಯಂಸಿದ್ಧದಿಂದ ಸಾಧಿಸಿದ. ಫ್ರಾನ್ಸಿನ ಬೊರೆಲ್, ಬೇರ್, ಲೆಬೆಗ್ ಇದನ್ನು ವಿರೋಧಿಸಿದರು: ಜೋಡಣೆ ಇದೆಯೆಂದು ಹೇಳಿದರೂ ಅದು ಹೇಗಿದೆಯೆಂದು ತೋರಿಸಲಾಗದಲ್ಲ ಎಂಬುದು ಅವರ ಅಸಮಾಧಾನ. ಅದು ನ್ಯಾಯವಾದದ್ದೇ. ಆದರೂ ವಿಧಾನ ನಿಲ್ಲಲಿಲ್ಲ. ಮರುವರ್ಷವೇ ಗಿಯೋರ್ಗ್ ಹಾಮೆಲ್ ವಾಸ್ತವ ಸಂಖ್ಯೆಗಳನ್ನು ಸುಕ್ರಮಗೊಳಿಸಿ, ಭಾಗಲಬ್ಧ ಸಂಖ್ಯೆಗಳ ಮೇಲೆ ಅವಕ್ಕೊಂದು ಆಧಾರಗಣವನ್ನು ಕಟ್ಟಿದ. ಪ್ರತಿ ಕ್ರಮಸಂಖ್ಯೆಯೂ ತನಗಿಂತ ಚಿಕ್ಕವುಗಳ ಗಣವೇ ಎಂಬ ಇಂದಿನ ನಿರೂಪಣೆ 1923ರದು, ಜಾನ್ ಫಾನ್ ನಾಯ್‌ಮನ್‌ನದು. ಅದೇ ಬಗೆಯ ಫಲಗಳನ್ನು ಸುಕ್ರಮದ ಹಂಗಿಲ್ಲದೆ ಕೊಡುವ 1935ರ ಝೋರ್ನ್ ಪ್ರಮೇಯಿಕೆ ಬೀಜಗಣಿತದಲ್ಲಿ ಈ ವಿಧಾನದ ಬಳಕೆಯನ್ನು ಬಹಳ ಕಡಿಮೆ ಮಾಡಿತು.

ತರ್ಕಶಾಸ್ತ್ರದಲ್ಲಿ ಮಾತ್ರ ಪರಿಮಿತಾತೀತ ಅನುಗಮನದ ಬಲ ಹೆಚ್ಚಿತು. 1936ರಲ್ಲಿ ಗೆರ್ಹಾರ್ಡ್ ಗೆಂಟ್ಸೆನ್, ಒಮೆಗಾದ ಮೇಲೆ ಒಮೆಗಾ ಘಾತವನ್ನು ಏರಿಸುತ್ತ ಹೋದಾಗ ಬರುವ ಸಂಖ್ಯೆಗಳೆಲ್ಲದರಾಚೆಯ ಮೊದಲನೆಯದಾದ ಎಪ್ಸಿಲಾನ್-ಸೊನ್ನೆ ಎಂಬ ಕ್ರಮಸಂಖ್ಯೆಯವರೆಗಿನ ಅನುಗಮನದಿಂದ, ಸ್ವಾಭಾವಿಕ ಸಂಖ್ಯೆಗಳ ಸ್ವಯಂಸಿದ್ಧ ವ್ಯವಸ್ಥೆಯಾದ ಪಿಯಾನೊ ಅಂಕಗಣಿತದಲ್ಲಿ ವಿರೋಧಾಭಾಸ ಹುಟ್ಟದೆಂದು ತೋರಿಸಿದ. ಅದಕ್ಕಿಂತ ಚಿಕ್ಕದಾದ ಯಾವುದೇ ಕ್ರಮಸಂಖ್ಯೆಯವರೆಗಿನ ಅನುಗಮನವನ್ನು ಆ ಅಂಕಗಣಿತದೊಳಗೇ ಸಾಧಿಸಬಹುದು. ಎಪ್ಸಿಲಾನ್-ಸೊನ್ನೆಯವರೆಗಿನದು ಸಾಧ್ಯವಿಲ್ಲ ಎಂಬುದನ್ನು 1943ರಲ್ಲಿ ಆತ ನೇರವಾಗಿ ಸಾಧಿಸಿದ.