ಪರೀಕ್ಷೆಯಲ್ಲಿ ಪಾಸಾಗದ ಫಾದರ್ ಮೆಂಡೆಲ್



ಬಟಾಣಿ ಗಿಡ, 3:1 ಅನುಪಾತ, ಗ್ರೆಗರ್ ಮೆಂಡೆಲ್. ಜೀವಶಾಸ್ತ್ರದ ಪಾಠದಲ್ಲಿ ಇಷ್ಟನ್ನು ನಾವೆಲ್ಲ ಓದಿದ್ದೇವೆ. ಮೆಂಡೆಲ್ ಒಬ್ಬ ಕಥೋಲಿಕ ಧರ್ಮಗುರು ಎಂಬುದೂ ಹಲವರಿಗೆ ಗೊತ್ತು. ಆದರೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅವರು ಕೊನೆಯವರೆಗೂ ಪಾಸಾಗಲಿಲ್ಲ ಎಂಬುದು ಪಾಠದಲ್ಲಿಲ್ಲ.

ಅವರು ಹುಟ್ಟಿದ್ದು 1822ರ ಜುಲೈಯಲ್ಲಿ, ಇಂದಿನ ಚೆಕ್ ಗಣರಾಜ್ಯದ ಒಂದು ಹಳ್ಳಿಯ ರೈತರ ಮನೆಯಲ್ಲಿ. ಮೊದಲ ಹೆಸರು ಯೋಹಾನ್. ಊರಿನ ಶಾಲೆಯಲ್ಲಿ ಓದು ಬರಹದ ಜತೆಗೆ ಹಣ್ಣಿನ ಗಿಡ ಬೆಳೆಸುವುದನ್ನೂ ಜೇನು ಸಾಕುವುದನ್ನೂ ಕಲಿಸುತ್ತಿದ್ದರು. ಹುಡುಗ ಚುರುಕು. ಹಾಗಾಗಿ ಮುಂದಿನ ಓದಿಗೆ ದೂರದ ಟ್ರೋಪಾವ್ ಪಟ್ಟಣಕ್ಕೆ ಕಳಿಸಿದರು. ಅಲ್ಲಿ ಪೂರ್ತಿ ಊಟಕ್ಕೆ ಹಣ ಕಟ್ಟುವ ಶಕ್ತಿ ಮನೆಯವರಿಗೆ ಇರಲಿಲ್ಲ. 1838ರಲ್ಲಿ ಮರದ ದಿಮ್ಮಿ ಬಿದ್ದು ಅಪ್ಪ ದುಡಿಯಲಾರದಂತಾದರು. ಹದಿನಾರರ ಹುಡುಗ ಟ್ಯೂಷನ್ ಹೇಳಿ ತನ್ನ ಖರ್ಚು ನೋಡಿಕೊಂಡ. ಓಲೊಮೌಟ್ಸ್‌ನಲ್ಲಿ ಕಾಲೇಜು ಸೇರಿದಾಗ ಕಾಯಿಲೆ ಬಿದ್ದು ಓದು ನಿಲ್ಲುವ ಹಂತಕ್ಕೆ ಬಂತು. ಆಗ ತಂಗಿ ಥೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಕೊಟ್ಟಳು.

ಅಲ್ಲಿನ ಭೌತಶಾಸ್ತ್ರದ ಅಧ್ಯಾಪಕರ ಶಿಫಾರಸಿನಿಂದ 1843ರಲ್ಲಿ ಅವರು ಬ್ರನೋ ನಗರದ ಸಂತ ತೋಮಸರ ಅಗಸ್ಟೀನಿಯನ್ ಮಠ ಸೇರಿ ಗ್ರೆಗರ್ ಎಂಬ ಹೆಸರು ಪಡೆದರು. ಹೊಟ್ಟೆಪಾಡಿನ ಚಿಂತೆಯೂ ಈ ನಿರ್ಧಾರಕ್ಕೆ ಕಾರಣವಾಗಿತ್ತು ಎಂದು ಮುಂದೆ ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

1847ರಲ್ಲಿ ಗುರುದೀಕ್ಷೆಯಾಯಿತು. ಆದರೆ ರೋಗಿಗಳ ನರಳಾಟ ನೋಡಿ ಅವರೇ ಕಾಯಿಲೆ ಬೀಳುತ್ತಿದ್ದರು. ಮಠಾಧಿಪತಿ ಸಿರಿಲ್ ನ್ಯಾಪ್ ಅವರನ್ನು ಗದರಿಸಲಿಲ್ಲ, ಶಾಲೆಯಲ್ಲಿ ಪಾಠ ಹೇಳಲು ಕಳಿಸಿದರು. ಕೆಲಸ ಕಾಯಂ ಆಗಲು ಪರೀಕ್ಷೆ ಬರೆಯಬೇಕಿತ್ತು. 1850ರಲ್ಲಿ ಬರೆದರು, ಫೇಲಾದರು. ಆಗ ಪರೀಕ್ಷಕರಲ್ಲೊಬ್ಬರು, ಇವರಿಗೆ ಕೊರತೆಯಿರುವುದು ಬುದ್ಧಿಯದಲ್ಲ, ಕ್ರಮವಾದ ಶಿಕ್ಷಣದ್ದು ಎಂದು ಕಂಡು ವಿಶ್ವವಿದ್ಯಾಲಯಕ್ಕೆ ಕಳಿಸಲು ಸೂಚಿಸಿದರು. ಮಠಾಧಿಪತಿಗಳು ಒಪ್ಪಿದರು.

1851ರಿಂದ 1853ರವರೆಗೆ ವಿಯೆನ್ನಾದಲ್ಲಿ ಕಳೆದ ಎರಡು ವರ್ಷಗಳೇ ಅವರನ್ನು ವಿಜ್ಞಾನಿಯಾಗಿ ರೂಪಿಸಿದವು. 'ಡಾಪ್ಲರ್ ಪರಿಣಾಮ'ಕ್ಕೆ ಹೆಸರಾದ ಕ್ರಿಶ್ಚಿಯನ್ ಡಾಪ್ಲರ್ ಅವರಿಂದ ಪ್ರಾಯೋಗಿಕ ಭೌತಶಾಸ್ತ್ರ ಕಲಿತರು. ಎಟಿಂಗ್ಸ್‌ಹೌಸನ್ ಅವರು ಜೋಡಣೆಗಳ ಗಣಿತ ಬಲ್ಲವರು, ಒಂದಷ್ಟು ವಸ್ತುಗಳು ಎಷ್ಟು ಬಗೆಯಲ್ಲಿ ಕೂಡಬಹುದು ಎಂಬ ಲೆಕ್ಕ ಅದು. ಫ್ರಾಂಜ್ ಉಂಗರ್ ಅವರಿಂದ ಸಸ್ಯಕೋಶಗಳ ಪಾಠ ಸಿಕ್ಕಿತು.

ಊರಿಗೆ ಮರಳಿದ ಮೆಂಡೆಲ್ ಇವೆಲ್ಲವನ್ನೂ ಮಠದ ತೋಟಕ್ಕೆ ತಂದರು. ಗಿಡಗಳ ತಳಿ ಬೆರೆಸುವವರು ಅವರಿಗಿಂತ ಮೊದಲೂ ಇದ್ದರು. ಆದರೆ ಅವರು ಗಿಡವನ್ನು ನೋಡಿ ವರ್ಣಿಸುತ್ತಿದ್ದರು. ಮೆಂಡೆಲ್ ಎಣಿಸಿದರು. ಎರಡು ವರ್ಷ ಬರೀ ಬೀಜಗಳ ಶುದ್ಧತೆ ಪರೀಕ್ಷಿಸಿ, ಏಳು ಜೋಡಿ ಗುಣಗಳನ್ನು ಆರಿಸಿಕೊಂಡರು. ಬೀಜದ ಆಕಾರವನ್ನೇ ನೋಡಿ: ಮಿಶ್ರತಳಿಯ ಗಿಡಗಳಿಂದ ಬಂದ 7,324 ಬೀಜಗಳಲ್ಲಿ ದುಂಡಗಿನವು 5,474, ಸುಕ್ಕಾದವು 1,850. ಅಂದರೆ 2.96ಕ್ಕೆ 1. ಒಂದೊಂದು ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶ ಬರುತ್ತದೆ ಎಂದುಕೊಂಡರೆ ಈ ಲೆಕ್ಕ ಸರಿಹೊಂದುತ್ತದೆ. ವಿಯೆನ್ನಾದ ಗಣಿತ ಇಲ್ಲಿ ಕೆಲಸಕ್ಕೆ ಬಂತು.

ಬಟಾಣಿ ಪ್ರಯೋಗ ಶುರುವಾದ 1856ರಲ್ಲೇ ಅವರು ಮತ್ತೆ ಆ ಶಿಕ್ಷಕರ ಪರೀಕ್ಷೆಗೆ ಕೂತು, ಮುಗಿಸಲಾಗದೆ ಹಿಂದಿರುಗಿದರು. 1868ರಲ್ಲಿ ಮಠಾಧಿಪತಿ ಆಗುವವರೆಗೂ ಅವರು ಬದಲಿ ಶಿಕ್ಷಕರೇ. 1865ರಲ್ಲಿ ಮಂಡಿಸಿ ಮರುವರ್ಷ ಅಚ್ಚಾದ ಅವರ ಪ್ರಬಂಧವನ್ನೂ ಹೆಚ್ಚಿನವರು ಗಮನಿಸಲಿಲ್ಲ. 1884ರಲ್ಲಿ ತೀರಿಕೊಂಡರು. ಲೋಕ ಅವರನ್ನು ಗುರುತಿಸಿದ್ದು 1900ರಲ್ಲಿ.

ತಂಗಿಯ ಋಣವನ್ನು ಅವರು ಮರೆಯಲಿಲ್ಲ. ಥೆರೇಸಿಯಾಳ ಮೂವರು ಗಂಡುಮಕ್ಕಳ ಓದಿಗೆ ನೆರವಾದರು, ಅವರಲ್ಲಿ ಇಬ್ಬರು ವೈದ್ಯರಾದರು.

ನಮ್ಮ ಮನೆಗಳಲ್ಲೂ ಫಲಿತಾಂಶದ ದಿನ ತಲೆತಗ್ಗಿಸಿ ಕೂರುವ ಮಕ್ಕಳಿದ್ದಾರೆ. ಅಂದು ಆ ಪರೀಕ್ಷಕರೂ ಮಠಾಧಿಪತಿಗಳೂ ಕೇಳಿಕೊಂಡಂತೆ ನಾವೂ ಕೇಳಿಕೊಳ್ಳೋಣ: ಈ ಮಗುವಿಗೆ ಇನ್ನೂ ಏನು ಕಲಿಸಬೇಕು, ಯಾರ ಬಳಿ ಕಳಿಸಬೇಕು?