ಪಂದಿಕೊಕ್ಕು, ಕೋಕ್, ಬ್ಯಾಂಡಿಕೂಟ್: ಹೊಲದ ಇಲಿಗೆ ಹೆಸರಿಟ್ಟವರು ಯಾರು?

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನ ಸುತ್ತ ಒಂದು ಅಳಿಲು ಬೇವಿನ ಮರ ಹತ್ತಿದರೆ ಅದಕ್ಕೆ ನಾಲ್ಕೈದು ಹೆಸರು. ಶಾಲೆಯ ಪುಸ್ತಕದಲ್ಲಿ ಅದು ಅಳಿಲು. ಸುತ್ತಲ ಹಳ್ಳಿಗಳ ಅಜ್ಜಿಯರ ಬಾಯಲ್ಲಿ ಇಣಚಿ. ಕಾಲುವೆ ಬಂದಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರಿಗೆ ಉಡುತ. ಉರ್ದು ಮಾತಾಡುವ ಮನೆಗಳಲ್ಲಿ ಗಿಲಹರಿ. ಕ್ಯಾಂಪಿನ ಬಂಗಾಳಿ ಮನೆಗಳಲ್ಲಿ ಕಾಠ್‌ಬಿಡಾಲಿ, ಅಂದರೆ ಕಟ್ಟಿಗೆಯ ಬೆಕ್ಕು. ಮುಂಗುಸಿಯನ್ನು ತೆಲುಗರು ಮುಂಗಿಸ ಅಂದರೆ ನಮಗೆ ಗೊತ್ತಾಗಿಬಿಡುತ್ತದೆ. ಬಂಗಾಳಿಯ ಬೇಜಿ ಅಂದರೆ ಯಾರಾದರೂ ಬಿಡಿಸಿ ಹೇಳಬೇಕು.

ಆರ್.ಎಚ್. ಅನ್ನುವುದು ರಿಹ್ಯಾಬಿಲಿಟೇಶನ್ ಎಂಬುದರ ಮೊಟಕು ರೂಪ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಅರ್ಧ ಶತಮಾನದ ಹಿಂದೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಈ ಜನರ ಪೌರತ್ವದ ಕಾಗದಗಳ ಬಗ್ಗೆ ಪತ್ರಿಕೆಗಳು ಬೇಕಾದಷ್ಟು ಬರೆದಿವೆ, ಬರೆಯುತ್ತಲೂ ಇವೆ. ನಾವು ಇಲ್ಲಿ ಹಿಡಿದಿರುವುದು ಸಣ್ಣ ವಿಷಯ: ಭತ್ತದ ಗದ್ದೆಯ ಬದುವಿನಲ್ಲಿ ಬಿಲ ತೋಡುವ ಇಲಿಯ ಹೆಸರು. ಸಣ್ಣದು ಅಂದೆವು, ಆದರೆ ಬದು ಒಡೆದು ರಾತ್ರೋರಾತ್ರಿ ನೀರು ಹರಿದುಹೋದ ರೈತನಿಗೆ ಅದು ಸಣ್ಣದಲ್ಲ.

ಇಂಗ್ಲಿಷಿನಲ್ಲಿ ದೊಡ್ಡ ಇಲಿಗೆ, ನಮ್ಮ ಹೆಗ್ಗಣಕ್ಕೆ, ಬ್ಯಾಂಡಿಕೂಟ್ ಅನ್ನುತ್ತಾರೆ. ಇದು ಇಂಗ್ಲೆಂಡಿನ ಮಾತೇ ಅಲ್ಲ. ತೆಲುಗಿನ ಪಂದಿಕೊಕ್ಕು ಇಂಗ್ಲಿಷರ ನಾಲಿಗೆಯಲ್ಲಿ ಬ್ಯಾಂಡಿಕೂಟ್ ಆಯಿತು. ಪಂದಿ ಎಂದರೆ ನಮ್ಮ ಹಂದಿ. ಒಟ್ಟು ಮಾತಿಗೆ ಹಂದಿಯಂಥ ಇಲಿ ಎಂದರ್ಥ. ಕೆಣಕಿದರೆ ಅದು ಹಂದಿಯಂತೆಯೇ ಗುರುಗುಟ್ಟುತ್ತದೆ, ಹಾಗಾಗಿ ಹೆಸರಿಟ್ಟವರು ಕಿವಿಗೊಟ್ಟು ಕೇಳಿಯೇ ಇಟ್ಟಿದ್ದಾರೆ. ಕಂಪನಿ ಕಾಲದ ಇಂಗ್ಲಿಷರ ಬಾಯಲ್ಲಿ ಸೇರಿಹೋದ ಇಂಥ ದೇಶಿ ಮಾತುಗಳನ್ನು ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು 1886ರಲ್ಲಿ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶವಾಗಿ ತಂದರು. ಅದರಲ್ಲಿ ಬ್ಯಾಂಡಿಕೂಟ್ ಇದೆ, ಮುಂಗುಸಿಯ ಇಂಗ್ಲಿಷ್ ಹೆಸರಾದ ಮಾಂಗೂಸ್ ಕೂಡ ಇದೆ. ಚುಂಡಿಲಿಯನ್ನು ಇಲ್ಲಿದ್ದ ಇಂಗ್ಲಿಷರು ಮಸ್ಕ್ ರ‍್ಯಾಟ್, ಅಂದರೆ ಕಸ್ತೂರಿ ಇಲಿ, ಎಂದು ಕರೆಯುತ್ತಿದ್ದದ್ದೂ ಅಲ್ಲಿ ದಾಖಲಾಗಿದೆ. ಅದರ ವಾಸನೆ ಬಲ್ಲವರು ಕಸ್ತೂರಿ ಅನ್ನಲಾರರು! ಇಂಗ್ಲೆಂಡಿನಲ್ಲಿ ಈ ಜಾತಿಯ ಪ್ರಾಣಿಗೆ ಶ್ರೂ ಎಂಬ ಹೆಸರು ಮೊದಲೇ ಇತ್ತು. ಇಂಗ್ಲಿಷೂ ಒಂದೊಂದು ಸೀಮೆಗೆ ಒಂದೊಂದು ಥರ ಎಂಬುದು ಇದರಿಂದಲೇ ಕಾಣುತ್ತದೆ.

ಬ್ಯಾಂಡಿಕೂಟ್ ಇನ್ನೂ ದೂರ ಹೋಯಿತು. ಹದಿನೆಂಟನೆಯ ಶತಮಾನದ ಕೊನೆಗೆ ಆಸ್ಟ್ರೇಲಿಯಕ್ಕೆ ಹೋದ ಇಂಗ್ಲಿಷರು ಅಲ್ಲಿ ಉದ್ದ ಮೂತಿಯ, ಹೊಟ್ಟೆಯ ಚೀಲದಲ್ಲಿ ಮರಿ ಹೊರುವ ಪ್ರಾಣಿಯೊಂದನ್ನು ಕಂಡು ಅದಕ್ಕೂ ಇದೇ ಹೆಸರು ಅಂಟಿಸಿದರು. ಅದು ಇಲಿಯ ಕುಲವೇ ಅಲ್ಲ, ಕಾಂಗರೂವಿನ ದೂರದ ನೆಂಟ. ಇವತ್ತು ಸಿಡ್ನಿಯ ಹುಡುಗನೊಬ್ಬ ಬ್ಯಾಂಡಿಕೂಟ್ ಅಂದರೆ ಅವನ ಕಣ್ಣ ಮುಂದೆ ಬರುವುದು ಅದೇ. ತಾನಾಡಿದ್ದು ತೆಲುಗು ಮಾತು ಎಂದು ಅವನಿಗೆ ಹೇಳುವವರು ಯಾರು?

ಇನ್ನು ಕನ್ನಡದ ಪಾಲಿಗೆ ಬರೋಣ. ವಾಲ್ಟರ್ ಎಲಿಯಟ್ ಎಂಬ ಕಂಪನಿ ಅಧಿಕಾರಿ ಧಾರವಾಡ ಸೀಮೆಯಲ್ಲಿ ಕೆಲಸ ಮಾಡಿದವನು. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಇವನೂ ಒಬ್ಬ. ಕನ್ನಡನಾಡಿನ ಶಾಸನಗಳ ಪ್ರತಿ ಮಾಡಿಸಿದ ಎಲಿಯಟ್ ಅಂತ ಇತಿಹಾಸ ಓದಿದವರಿಗೆ ಗೊತ್ತು. ಆದರೆ ಅವನು ಇಲಿಗಳನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದ. 1839ರಲ್ಲಿ ಮದರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ, ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯುತ್ತಿದ್ದ ಧಾರವಾಡದ ಸುತ್ತಿನ ಪ್ರದೇಶದ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಆ ಪಟ್ಟಿಯ ವಿಶೇಷವೇನೆಂದರೆ, ಪ್ರತಿ ಪ್ರಾಣಿಗೂ ಸ್ಥಳೀಯ ಭಾಷೆಗಳಲ್ಲಿ ಏನನ್ನುತ್ತಾರೆ ಎಂದು ಬರೆದುಕೊಂಡದ್ದು.

ಅವನಿಗೆ ಹೇಳಿದವರು ಯಾರು? ಹೊಲದ ಇಲಿಗಳ ವಿಷಯದಲ್ಲಿ ಬಹುಮಟ್ಟಿಗೆ ವಡ್ಡರು. ಕೆರೆ ತೋಡುವ, ಮಣ್ಣು ಹೊರುವ ಆ ಜನರಿಗೆ ನೆಲದೊಳಗಿನದೆಲ್ಲ ಪರಿಚಯ. ಎಲಿಯಟ್ ಒಂದು ಇಲಿಗೆ ಕನ್ನಡದಲ್ಲಿ ‘ಕೋಕ್’ ಎನ್ನುತ್ತಾರೆಂದು ಬರೆಯುತ್ತಾನೆ. ಪಂದಿಕೊಕ್ಕಿನ ಕೊಕ್ಕು ನಮ್ಮ ಕಿವಿಗೆ ಅಲ್ಲಿ ಕೇಳುತ್ತದೆ. ಈ ಕೋಕ್ ಎರೆಹೊಲದಲ್ಲಿ ಹೆಚ್ಚು. ಜೋರು ಮಳೆಗೆ ಬಿಲ ತುಂಬಿದರೆ ಬಹಳಷ್ಟು ಸಾಯುತ್ತವೆ, ಉಳಿದವು ಹತ್ತಿರದ ದಿಬ್ಬ, ಒಡ್ಡಿಗೆ ಹೋಗಿ ಹೊಸ ಬಿಲ ತೋಡುತ್ತವೆ. ಸುಗ್ಗಿಯಲ್ಲಿ ವಡ್ಡರು ಬಿಲ ಅಗೆದು, ಅದು ಕೂಡಿಟ್ಟ ಕಾಳು ತೆಗೆದುಕೊಳ್ಳುತ್ತಿದ್ದರು. ಒಂದೊಂದು ಬಿಲದಲ್ಲಿ ಅರ್ಧ ಸೇರು ಕಾಳು, ಇಡೀ ಜೋಳದ ತೆನೆಗಳೂ ಸಿಗುತ್ತಿದ್ದವು ಎಂದು ಅವನ ಬರಹದಲ್ಲಿದೆ. ಈ ಕೂಡಿಡುವ ಗುಣಕ್ಕೇ ಅವನು ಲ್ಯಾಟಿನ್ನಿನಲ್ಲಿ ‘ಪ್ರಾವಿಡೆನ್ಸ್’, ಮುಂದಾಲೋಚನೆಯುಳ್ಳದ್ದು, ಎಂದು ಹೆಸರಿಟ್ಟ.

ಇನ್ನೊಂದು ಇಲಿ ‘ಮೆಟ್ಟಾಡ’. ಇದು ಎರೆ ನೆಲದ ಬಿರುಕುಗಳಲ್ಲಿ, ಕಲ್ಲುಗುಂಪಿನ ಕೆಳಗೆ ಇರುವುದು. ತೆಲುಗಿನಲ್ಲಿ ಮೆಟ್ಟ ಎಂದರೆ ನೀರು ಹತ್ತದ ಒಣಭೂಮಿ. ಯಾನಾದಿಗಳು ಇದನ್ನು ಮೆಟ್ಟ ಎಲುಕ ಅನ್ನುತ್ತಿದ್ದರು. ಮಳೆಗಾಲದಲ್ಲಿ ಬಿರುಕು ಮುಚ್ಚಿ, ನೀರು ತುಂಬಿ ಇವು ಬಹಳ ಸಾಯುತ್ತವೆ. 1826ರಲ್ಲಿ ಮಳೆ ಕೈಕೊಟ್ಟಿತು, ಸಾಯಬೇಕಾದವು ಸಾಯಲಿಲ್ಲ. ಬಿತ್ತಿದ ಕಾಳನ್ನೇ ತಿಂದು ಬೆಳೆ ಹಾಳು ಮಾಡಿದವು. ರೈತರೆಲ್ಲ ಸೇರಿ ವಡ್ಡರನ್ನು ಕರೆಸಿ, ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಅಳೆದುಕೊಟ್ಟು ಹೊಡೆಸಿದರು. ಮಳೆ ಕೈಕೊಟ್ಟರೆ ಇಲಿ ಹೆಚ್ಚು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾವು ಬೇರೆಲ್ಲೂ ಓದಿಲ್ಲ.

ಎಲಿಯಟ್ ಸಂಗ್ರಹಿಸಿದ ಪ್ರಾಣಿಗಳಿಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟ. ಮೆಟ್ಟಾಡ ಅಚ್ಚಿನಲ್ಲಿ ‘ಮೆಲ್ಟಾಡ’ ಆಗಿ ಇವತ್ತಿಗೂ ಹಾಗೇ ಉಳಿದಿದೆ. ಕನ್ನಡದಲ್ಲಿ ಗುಲಾಂದಿ ಎಂದು ಎಲಿಯಟ್ ಬರೆದುಕೊಂಡ ಪೊದೆಯ ಇಲಿ ‘ಗೊಲುಂಡ ಎಲಿಯಟಿ’ ಆಯಿತು. ಇಂಗ್ಲಿಷಿನಲ್ಲಿ ಇದು ಇಲ್ಲಿ ಬುಷ್ ರ‍್ಯಾಟ್; ಸಿಲೋನಿನ ತೋಟದವರು ಅದನ್ನೇ ಕಾಫಿ ರ‍್ಯಾಟ್ ಎಂದರು. ಕನ್ನಡದ ಒಂದು ಹೆಸರು, ವಡ್ಡರ ಒಂದು ಹೆಸರು ಜಗತ್ತಿನ ಎಲ್ಲ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿವೆ. ಹೇಳಿಕೊಟ್ಟವರಲ್ಲಿ ಒಬ್ಬರ ಹೆಸರೂ ಇಲ್ಲ.

ನಮ್ಮ ಬದು ಕೊರೆಯುವ ಇಲಿಯ ಇಂದಿನ ಶಾಸ್ತ್ರೀಯ ಹೆಸರು ‘ಬ್ಯಾಂಡಿಕೋಟ ಬೆಂಗಾಲೆನ್ಸಿಸ್’. ಮುಂದಿನರ್ಧ ತೆಲುಗು, ಹಿಂದಿನರ್ಧ ಬಂಗಾಳ. ಕನ್ನಡದ ನೆಲದಲ್ಲಿ ತೆಲುಗರ ಕ್ಯಾಂಪೂ ಬಂಗಾಳಿಗಳ ಕ್ಯಾಂಪೂ ಇರುವ ಈ ತಾಲ್ಲೂಕಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅದರಿಂದ ಯಾರೂ ಕಥೆ ಕಟ್ಟಬಾರದು. ಶಾಸ್ತ್ರಜ್ಞನ ಕೈಗೆ ಮೊದಲು ಬಂದ ನಮೂನೆ ಬಂಗಾಳದ್ದು, ಅಷ್ಟೇ. ಇಲಿ ಇಡೀ ದೇಶದ್ದು, ಈ ಎರೆ ನೆಲದಲ್ಲಿ ಎಲ್ಲ ಕ್ಯಾಂಪುಗಳಿಗಿಂತ ಹಳೆಯದು.

ಎಲಿಯಟ್ ನೋಡಿದ್ದು ಜೋಳ, ಹತ್ತಿಯ ಒಣ ಹೊಲ. ರಾಯಚೂರು ದೋಆಬು ನಿಜಾಮರ ರಾಜ್ಯದಲ್ಲಿತ್ತು, ಅವನ ಪಟ್ಟಿಗೆ ಬರಲಿಲ್ಲ; ಆದರೆ ಇಲ್ಲಿದ್ದದ್ದೂ ಅದೇ ಎರೆ ನೆಲ, ಅದೇ ಜೋಳ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಉದ್ಘಾಟನೆಯಾಗಿ, ಎಡದಂಡೆ ಕಾಲುವೆಯ ನೀರು ಬಂದಮೇಲೆ ಹೊಲ ಗದ್ದೆಯಾಯಿತು. ತಿಂಗಳುಗಟ್ಟಲೆ ನೀರು ನಿಂತ ನೆಲದಲ್ಲಿ ಬಿರುಕಿಲ್ಲ, ಬಿರುಕಿನ ಮೆಟ್ಟಾಡಕ್ಕೆ ಜಾಗವಿಲ್ಲ. ನೀರು ಬಂದರೆ ದಿಬ್ಬಕ್ಕೆ ಏರುವ ಕೋಕಿಗೆ ಮಾತ್ರ ಸಾಲುಸಾಲು ಬದು ಕಟ್ಟಿಕೊಟ್ಟಂತಾಯಿತು. ಒಣಬೇಸಾಯ ಹೋದಂತೆ ಅದರ ಇಲಿಗಳ ಹೆಸರೂ ಬಾಯಿಂದ ಜಾರಿದವು ಎಂಬುದು ನಮ್ಮ ಊಹೆ. ಈಗ ವಿಷದ ಪೊಟ್ಟಣದ ಮೇಲೂ, ಸುದ್ದಿಯ ತಲೆಬರಹದಲ್ಲೂ ಎಲ್ಲವೂ ಬರೀ ‘ಇಲಿ’. ಬಿಲದೊಳಗೆ ಕಾಳು ಕೂಡಿಡುವುದಕ್ಕೂ ಬಿರುಕಿನಲ್ಲಿ ಮಲಗುವುದಕ್ಕೂ ಒಂದೇ ಮದ್ದು, ಒಂದೇ ಸಲಹೆ.

ಬಂಗಾಳಿಯಲ್ಲಿ ಹೊಲದ ಇಲಿಗೆ ಮೇಠೋ ಇಂದುರ್ ಅನ್ನುತ್ತಾರೆ. ಮಾಠ್ ಎಂದರೆ ಬಯಲು. ತೆಲುಗಿನ ಮೆಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ, ಕೇಳಲಷ್ಟೇ ಹತ್ತಿರ. ಚುಂಡಿಲಿಗೆ ತೆಲುಗರು ಚುಂಚು, ಬಂಗಾಳಿಗಳು ಛುಂಚೋ ಅನ್ನುವುದೂ ಕಿವಿಗೆ ಅಷ್ಟೇ ಸಮೀಪ. ಗದ್ದೆ ಕೆಲಸದಲ್ಲಿ ಕನ್ನಡ, ತೆಲುಗು, ಬಂಗಾಳಿ ಮೂರೂ ಒಂದೇ ಬದುವಿನ ಮೇಲೆ ನಡೆದಾಡುವ ಕಡೆ ಹೊಸ ಹೆಸರುಗಳೂ ಹುಟ್ಟಿರಬಹುದು. ಮಸ್ಕಿ, ಲಿಂಗಸುಗೂರು, ಸಿಂಧನೂರು ಕಡೆಯ ಓದುಗರು ಮನೆಯ ಹಿರಿಯರನ್ನು ಕೇಳಿ ನಮಗೆ ಬರೆಯಿರಿ: ಬಿಲದ ಬಾಯಲ್ಲಿ ಹೊಸ ಮಣ್ಣು ಗುಡ್ಡೆ ಹಾಕುವ ಇಲಿಗೆ ಏನನ್ನುತ್ತಿದ್ದರು? ಬಿರುಕಿನಲ್ಲಿರುವುದಕ್ಕೆ? ಹೇಳಿದವರ ಊರು, ಅವರು ಮಾಡುತ್ತಿದ್ದ ಕೆಲಸ, ಅವರು ಒಪ್ಪಿದರೆ ಹೆಸರು, ಇವನ್ನೂ ಜೊತೆಗೆ ಸೇರಿಸಿ.