ಪ್ರೋಗ್ರಾಂನಿಂದ ಚಿಪ್‌ಗೆ: ಸಿ ಭಾಷೆಯ ಸಾಲುಗಳು ವಿದ್ಯುನ್ಮಂಡಲವಾಗುವ ಬಗೆ

ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಕಟ್ಟಿರುವ ಅಣೆಕಟ್ಟಿನಿಂದ ಎಡದಂಡೆ ಹಾಗೂ ಬಲದಂಡೆ ಕಾಲುವೆಗಳು ಹೊರಡುತ್ತವೆ. ಒಂದರ ಸರದಿ ಮುಗಿದ ಮೇಲೆಯೇ ಇನ್ನೊಂದು ಹರಿಯಬೇಕೆಂದಿಲ್ಲ. ಎರಡೂ ಏಕಕಾಲಕ್ಕೆ ಹರಿಯಬಲ್ಲವು. ಗಣಕಯಂತ್ರದ ಸಾಮಾನ್ಯ ಪ್ರೋಗ್ರಾಂ ಹೀಗಲ್ಲ. ಒಬ್ಬನೇ ಕೆಲಸಗಾರ ಪಟ್ಟಿ ಹಿಡಿದುಕೊಂಡು ಒಂದೊಂದೇ ತೂಬು ತೆರೆಯುತ್ತ ಹೋದಂತೆ ಅದರ ನಡೆ. ಆದರೆ ಚಿಪ್‌ನೊಳಗಿನ ವಿದ್ಯುನ್ಮಂಡಲವು ಕಾಲುವೆಗಳ ಜಾಲವನ್ನು ಹೋಲುತ್ತದೆ. ಅಲ್ಲಿ ಎಲ್ಲ ಭಾಗಗಳೂ ಒಟ್ಟಿಗೇ ಕೆಲಸ ಮಾಡುತ್ತಿರುತ್ತವೆ. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವ ವಿದ್ಯೆಗೆ ಹೈ-ಲೆವೆಲ್ ಸಿಂಥೆಸಿಸ್, ಸಂಕ್ಷೇಪವಾಗಿ ಎಚ್‌ಎಲ್‌ಎಸ್ ಎಂದು ಹೆಸರು.

ಸಾಮಾನ್ಯ ಕಂಪೈಲರ್ ಈಗಾಗಲೇ ಇರುವ ಪ್ರೊಸೆಸರ್‌ಗೆ ಅರ್ಥವಾಗುವ ಆದೇಶಗಳನ್ನು ಬರೆದುಕೊಡುತ್ತದೆ. ಎಚ್‌ಎಲ್‌ಎಸ್ ಕಂಪೈಲರ್ ಆ ಒಂದು ಕೆಲಸಕ್ಕೆಂದೇ ಹೊಸ ಯಂತ್ರಾಂಶದ ನಕ್ಷೆಯನ್ನು ರಚಿಸುತ್ತದೆ. ಈ ನಕ್ಷೆ ಬಹುತೇಕ ವೆರಿಲಾಗ್ ಇಲ್ಲವೆ ವಿಎಚ್‌ಡಿಎಲ್ ಭಾಷೆಯಲ್ಲಿರುತ್ತದೆ. ಅಲ್ಲಿಂದ ಮುಂದೆ ಬೇರೆ ಸಾಧನಗಳು ಅದನ್ನು ತರ್ಕದ್ವಾರಗಳ ಮಟ್ಟಕ್ಕೆ ಇಳಿಸುತ್ತವೆ. ಕೊನೆಯಲ್ಲಿ ಅದು ಕಾರ್ಖಾನೆಯಲ್ಲಿ ತಯಾರಾಗುವ ಚಿಪ್ ಆಗಬಹುದು, ಅಥವಾ ಬೇಕಾದಾಗ ಮರುಜೋಡಿಸಬಹುದಾದ ಎಫ್‌ಪಿಜಿಎ ಚಿಪ್‌ನೊಳಗೆ ನೆಲೆಗೊಳ್ಳಬಹುದು.

ಕಂಪೈಲರ್ ಮೊದಲು ಪ್ರೋಗ್ರಾಂನಲ್ಲಿ ಯಾವ ಲೆಕ್ಕ ಯಾವುದರ ಫಲಿತಾಂಶಕ್ಕಾಗಿ ಕಾಯಬೇಕು ಎಂಬುದನ್ನು ಗುರುತಿಸುತ್ತದೆ. ಪರಸ್ಪರ ಅವಲಂಬನೆಯಿಲ್ಲದ ಲೆಕ್ಕಗಳನ್ನು ಒಟ್ಟಿಗೆ ನಡೆಸಬಹುದಷ್ಟೆ. ನಂತರ ಪ್ರತಿಯೊಂದು ಕ್ರಿಯೆ ಗಡಿಯಾರದ ಎಷ್ಟನೆಯ ಮಿಡಿತದಲ್ಲಿ ನಡೆಯಬೇಕೆಂದು ವೇಳಾಪಟ್ಟಿ ಹಾಕುತ್ತದೆ. ಎಷ್ಟು ಸಂಕಲನ ಘಟಕ, ಎಷ್ಟು ಗುಣಾಕಾರ ಘಟಕ ಬೇಕೆಂದು ನಿರ್ಧರಿಸಿ, ಯಾವ ಕ್ರಿಯೆ ಯಾವ ಘಟಕದ ಪಾಲಿಗೆ ಎಂದು ಹಂಚುತ್ತದೆ. ಘಟಕಗಳು ಹೆಚ್ಚಾದರೆ ವೇಗ ಹೆಚ್ಚು, ಆದರೆ ಚಿಪ್‌ನ ಜಾಗವೂ ವಿದ್ಯುತ್ತೂ ಅಷ್ಟೇ ಖರ್ಚಾಗುತ್ತವೆ. ಈ ಚೌಕಾಸಿಯೇ ಎಚ್‌ಎಲ್‌ಎಸ್‌ನ ಜೀವಾಳ.

ಒಂದು ಲೆಕ್ಕ ನೋಡೋಣ. ಅಣೆಕಟ್ಟೆಯ ಗೇಟುಗಳ ಮೇಲೆ ಕಣ್ಣಿಡಲು ಒಂದು ಕ್ಯಾಮೆರಾ ಇರಿಸಿದ್ದಾರೆಂದು ಭಾವಿಸಿ. ಪ್ರತಿ ಚಿತ್ರದಲ್ಲಿ 1920 ಅಡ್ಡ, 1080 ಉದ್ದ ಬಿಂದುಗಳು. ಸೆಕೆಂಡಿಗೆ 30 ಚಿತ್ರಗಳು. ಅಂದರೆ ಸೆಕೆಂಡಿಗೆ ಸುಮಾರು 6.22 ಕೋಟಿ ಬಿಂದುಗಳು. ಚಿತ್ರದಲ್ಲಿನ ಅಂಚುಗಳನ್ನು ಗುರುತಿಸಲು ಪ್ರತಿ ಬಿಂದುವನ್ನೂ ಅದರ ಸುತ್ತಲಿನ ಎಂಟು ಬಿಂದುಗಳೊಡನೆ ಸೇರಿಸಿ 9 ಗುಣಾಕಾರ ಮಾಡಬೇಕಾದರೆ, ಸೆಕೆಂಡಿಗೆ ಸುಮಾರು 56 ಕೋಟಿ ಗುಣಾಕಾರಗಳಾದವು. ಸೆಕೆಂಡಿಗೆ 10 ಕೋಟಿ ಬಾರಿ ಮಿಡಿಯುವ ಗಡಿಯಾರದಡಿ, ಮಿಡಿತಕ್ಕೊಂದು ಗುಣಾಕಾರ ಮಾಡುವ ಒಂದೇ ಘಟಕಕ್ಕೆ ಇದು ಅಸಾಧ್ಯ. ಒಂಬತ್ತು ಘಟಕಗಳನ್ನು ಸಾಲಾಗಿ ನಿಲ್ಲಿಸಿ, ಮಿಡಿತಕ್ಕೊಂದು ಬಿಂದು ಒಳಬರುವಂತೆ ಮಾಡಿದರೆ ಕೆಲಸ ಸುಲಭವಾಗಿ ಮುಗಿದು ಬಿಡುವೂ ಉಳಿಯುತ್ತದೆ.

ಹಾಗಾದರೆ ಸಿ ಭಾಷೆಯಲ್ಲಿ ನಾಲ್ಕು ಸಾಲಿನ ಲೂಪ್ ಬರೆದು ಕಂಪೈಲರ್‌ಗೆ ಒಪ್ಪಿಸಿದರೆ ಸಾಕೆ? ಸಾಲದು. ಅಡ್ಡಿಯಾಗುವುದು ಗುಣಾಕಾರವಲ್ಲ, ಸ್ಮೃತಿ. ಎಫ್‌ಪಿಜಿಎಯೊಳಗಿನ ಸ್ಮೃತಿಯ ಒಂದು ತುಂಡಿಗೆ ಸಾಮಾನ್ಯವಾಗಿ ಎರಡೇ ಬಾಗಿಲು. ಒಂದು ಮಿಡಿತದಲ್ಲಿ ಎರಡು ಬಿಂದುಗಳನ್ನಷ್ಟೇ ಹೊರತೆಗೆಯಬಹುದಾದ್ದರಿಂದ ಒಂಬತ್ತಕ್ಕೆ ಐದು ಮಿಡಿತ ಕಾಯಬೇಕು. ವೇಗ ಸೆಕೆಂಡಿಗೆ 2 ಕೋಟಿ ಬಿಂದುಗಳಿಗೆ ಕುಸಿಯುತ್ತದೆ, ಒಂಬತ್ತು ಘಟಕಗಳಿದ್ದೂ ಪ್ರಯೋಜನವಿಲ್ಲ. ಅನುಭವಿ ಎಂಜಿನಿಯರ್ ಇಲ್ಲಿ ಪ್ರೋಗ್ರಾಂನ ರಚನೆಯನ್ನೇ ಬದಲಿಸುತ್ತಾನೆ. ಇಡೀ ಚಿತ್ರವನ್ನು ಕೂಡಿಡುವ ಬದಲು ಹಿಂದಿನ ಎರಡು ಸಾಲುಗಳನ್ನು, ಎಂದರೆ 3,840 ಬಿಂದುಗಳನ್ನು ಮಾತ್ರ ಪ್ರತ್ಯೇಕ ತುಂಡುಗಳಲ್ಲಿ ಇರಿಸಿ, ಒಂಬತ್ತು ಬಿಂದುಗಳ ಕಿಟಕಿಯೊಂದನ್ನು ಅವುಗಳ ಮೇಲೆ ಸರಿಸುತ್ತ ಹೋಗುತ್ತಾನೆ. ಬಿಂದುವೊಂದಕ್ಕೆ 8 ಬಿಟ್ ಸಾಕಾಗಿರುವಾಗ 32 ಬಿಟ್‌ನ ಪೂರ್ಣಾಂಕ ಬಳಸಿ ಜಾಗ ಪೋಲು ಮಾಡುವುದಿಲ್ಲ. ಲೂಪನ್ನು ಬಿಡಿಸಬೇಕೆ, ಸರಣಿಯನ್ನು ತುಂಡರಿಸಬೇಕೆ ಎಂಬ ಸೂಚನೆಗಳನ್ನು ಕಂಪೈಲರ್‌ಗೆ ಬರೆದು ತಿಳಿಸುತ್ತಾನೆ.

ಸಿ ಭಾಷೆಯ ಕೆಲವು ಸವಲತ್ತುಗಳಿಗೆ ಇಲ್ಲಿ ಸ್ಥಾನವೇ ಇಲ್ಲ. ಪ್ರೋಗ್ರಾಂ ಓಡುತ್ತಿರುವಾಗ ಹೊಸ ಸ್ಮೃತಿ ಬೇಡುವಂತಿಲ್ಲ, ಏಕೆಂದರೆ ಸಿಲಿಕಾನ್ ನಡುದಾರಿಯಲ್ಲಿ ಬೆಳೆಯುವುದಿಲ್ಲ. ತನ್ನನ್ನೇ ತಾನು ಕರೆದುಕೊಳ್ಳುವ ಫಂಕ್ಷನ್‌ಗಳನ್ನೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಎಚ್‌ಎಲ್‌ಎಸ್ ಬಂದರೆ ತಂತ್ರಾಂಶ ಬಲ್ಲವರೆಲ್ಲ ಚಿಪ್ ವಿನ್ಯಾಸಕಾರರಾಗುವರೆಂಬ ಪ್ರಚಾರವನ್ನು ಆದ್ದರಿಂದ ಅರ್ಧದಷ್ಟೇ ನಂಬಬೇಕು. ಬೆಳಗಾವಿಯಲ್ಲಿ ಕೇಂದ್ರ ಕಚೇರಿಯುಳ್ಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಂದ ಹೊರಬರುವ ಪದವೀಧರರಿಗೆ ಇದು ಉದ್ಯೋಗದ ಪ್ರಶ್ನೆಯೂ ಹೌದು. ಗಣಕ ವಿಜ್ಞಾನ ಓದಿದವರು ಗಡಿಯಾರದ ಮಿಡಿತ, ಸ್ಮೃತಿಯ ಬಾಗಿಲುಗಳ ಪರಿಚಯ ಮಾಡಿಕೊಳ್ಳದೆ ಈ ಕ್ಷೇತ್ರಕ್ಕೆ ಇಳಿದರೆ, ಸರಿಯಾದ ಉತ್ತರ ಕೊಡುವ ಆದರೆ ಪ್ರೊಸೆಸರ್‌ಗಿಂತಲೂ ನಿಧಾನವಾದ ಮಂಡಲ ಕೈಗೆ ಸಿಕ್ಕೀತು.

ಮಾರುಕಟ್ಟೆಯೂ ಈ ಪಾಠ ಕಲಿತಿದೆ. 1990ರ ದಶಕದಲ್ಲಿ ಸಿನಾಪ್ಸಿಸ್ ಸಂಸ್ಥೆ ತಂದ ಬಿಹೇವಿಯರಲ್ ಕಂಪೈಲರ್ ನಿರೀಕ್ಷಿತ ಜಯ ಗಳಿಸದೆ ಹಿಂದೆ ಸರಿಯಿತು. 2011ರಲ್ಲಿ ಕ್ಸೈಲಿಂಕ್ಸ್ ಸಂಸ್ಥೆಯು ಆಟೋಇಎಸ್‌ಎಲ್ ಕಂಪನಿಯನ್ನು ಖರೀದಿಸಿ, ಅದರ ಕಂಪೈಲರನ್ನು ವಿವಾಡೋ ಎಚ್‌ಎಲ್‌ಎಸ್ ಎಂಬ ಹೆಸರಿನಲ್ಲಿ ನೀಡಿದ ಬಳಿಕವೇ ಈ ವಿದ್ಯೆ ವ್ಯಾಪಕವಾಗಿ ಬಳಕೆಗೆ ಬಂತು. 2022ರಲ್ಲಿ ಕ್ಸೈಲಿಂಕ್ಸ್ ಎಎಂಡಿಯ ಪಾಲಾಯಿತು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಾಲಿರಿಸಿದಂದಿನಿಂದ ಚಿಪ್ ವಿನ್ಯಾಸಕ್ಕೆ ಹೆಸರಾದ ಬೆಂಗಳೂರಿನಲ್ಲಿ ಇಂಥ ಕಂಪೈಲರ್‌ಗಳ ಸಂಶೋಧನೆಯೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಉದಯ್ ಬೊಂಡುಗುಲ ಅವರ ತಂಡ ರೂಪಿಸಿದ ಪಾಲಿಮೇಜ್, ಚಿತ್ರ ಸಂಸ್ಕರಣೆಗೆಂದೇ ಮೀಸಲಾದ ಭಾಷೆ. ಮೇಲೆ ಹೇಳಿದ ಸಾಲುಗಳ ಕೂಡಿಡುವಿಕೆಯಂಥ ಕೆಲಸವನ್ನು ಪ್ರೋಗ್ರಾಂ ಬರೆಯುವವನ ಬದಲು ಕಂಪೈಲರ್ ತಾನೇ ಮಾಡಿ, ಎಫ್‌ಪಿಜಿಎಗೆ ಒಗ್ಗುವ ವಿನ್ಯಾಸ ಕೊಡುವ ಪ್ರಯತ್ನವನ್ನು ಈ ತಂಡ ಹೈದರಾಬಾದಿನ ಐಐಐಟಿಯ ಸಂಶೋಧಕರೊಡಗೂಡಿ 2016ರಲ್ಲಿ ಪ್ರಕಟಿಸಿತು. ಸಿ ಭಾಷೆಯಂತೆ ಎಲ್ಲಕ್ಕೂ ಸಲ್ಲುವ ಭಾಷೆಯ ಬದಲು ಒಂದೇ ಕ್ಷೇತ್ರಕ್ಕೆ ಸೀಮಿತಗೊಂಡಿದ್ದರಿಂದ ಕಂಪೈಲರ್‌ಗೆ ಪ್ರೋಗ್ರಾಂನ ಉದ್ದೇಶ ಸ್ಪಷ್ಟವಾಗಿ ಗೋಚರಿಸುತ್ತದೆ. ಬಹುಶಃ ಇದೇ ಹೆಚ್ಚು ಫಲ ಕೊಡುವ ದಾರಿ.

ಇದೇ ಸಂಸ್ಥೆಯಿಂದ 2021ರಲ್ಲಿ ಹೊರಬಂದ ಎಚ್‌ಐಆರ್, ಪ್ರೋಗ್ರಾಂ ಹಾಗೂ ವೆರಿಲಾಗ್‌ಗಳ ನಡುವಣ ಮಧ್ಯಂತರ ರೂಪ. ಯಾವ ಕ್ರಿಯೆ ಯಾವ ಮಿಡಿತದಲ್ಲಿ ಎಂಬ ವೇಳಾಪಟ್ಟಿಯನ್ನು ಇದರಲ್ಲಿ ಬಹಿರಂಗವಾಗಿಯೇ ಬರೆಯಲಾಗುತ್ತದೆ. ಕಂಪೈಲರ್ ಅದನ್ನು ಹುಡುಕುತ್ತ ಕೂರಬೇಕಿಲ್ಲವಾದ್ದರಿಂದ, ತಂಡದ ಪರೀಕ್ಷೆಗಳಲ್ಲಿ ವಿನ್ಯಾಸವು ವಿವಾಡೋ ಎಚ್‌ಎಲ್‌ಎಸ್‌ಗಿಂತ ನೂರಾರು ಪಟ್ಟು ಬೇಗ ಸಿದ್ಧವಾಯಿತು. ವೇಳಾಪಟ್ಟಿಯಲ್ಲಿ ತಪ್ಪಿದ್ದರೆ ಅದನ್ನು ಚಿಪ್‌ನವರೆಗೆ ಹೋಗಗೊಡದೆ ಕಂಪೈಲರ್ ಹಂತದಲ್ಲೇ ಪತ್ತೆಹಚ್ಚಲೂ ಬರುತ್ತದೆ.